ರೈಲ್ವೆ ವರ್ಕ್‌ಶಾಪಿನಲ್ಲಿ ಹಬ್ಬ: ಊರಿಗೆ ಉಳಿಯುವುದೇನು?

ಅಮೆರಿಕದ ಜಾರ್ಜಿಯಾ ರಾಜ್ಯದ ಬಂದರು ನಗರ ಸವಾನಾ. ಅಲ್ಲಿ ಉಗಿಬಂಡಿಗಳ ಕಾಲದ ದೊಡ್ಡದೊಂದು ರೈಲ್ವೆ ವರ್ಕ್‌ಶಾಪ್ ಇದೆ. ಎಂಜಿನ್‌ಗಳು ಹೊಗೆ ಉಗುಳುತ್ತಿದ್ದ ಅದರ ಅಂಗಳ ಈಗ ಬ್ಲೂಸ್ ಮತ್ತು ಬಾರ್ಬೆಕ್ಯೂ ಹಬ್ಬಕ್ಕೆ ಒಗ್ಗಿಕೊಂಡಿದೆ. ಬಯಲಿನ ವೇದಿಕೆಯಲ್ಲಿ ಗಿಟಾರ್, ಹಾರ್ಮೋನಿಕಾ; ಪಕ್ಕದಲ್ಲಿ ಕೆಂಡದ ಶಾಖಕ್ಕೆ ನಿಧಾನವಾಗಿ ಬೇಯುವ ಮಾಂಸ; ಸುತ್ತಲೂ ಹಳೆಯ ಎಂಜಿನ್ನು, ಬೋಗಿಗಳು. ಸಂಭ್ರಮಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಬೇಕೆ? ಆದರೆ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದುತ್ತಿರುವ ನನಗೆ ಕಾಡುವ ಪ್ರಶ್ನೆ ಬೇರೆ. ಸಾಲು ಸಾಲು ಕುಶಲಕರ್ಮಿಗಳು ದುಡಿಯುತ್ತಿದ್ದ ಜಾಗಕ್ಕೆ ಹಬ್ಬ ಬಂದಾಗ ಊರಿಗೆ ಸಿಗುವುದೆಷ್ಟು, ಕಳೆದುಹೋದದ್ದೆಷ್ಟು?

ಮೊದಲು ಜಾಗದ ಚರಿತ್ರೆ ನೋಡೋಣ. ಸೆಂಟ್ರಲ್ ಆಫ್ ಜಾರ್ಜಿಯಾ ಎಂಬ ರೈಲು ಕಂಪನಿ ಹುಟ್ಟಿದ್ದು 1833ರಲ್ಲಿ. ಒಳನಾಡಿನ ಹತ್ತಿಯನ್ನು ಬಂದರಿಗೆ ತಲುಪಿಸುವುದು ಅದರ ಉದ್ದೇಶ. 1843ರ ಹೊತ್ತಿಗೆ ಸವಾನಾದಿಂದ ಮೇಕನ್ ಪಟ್ಟಣದವರೆಗೆ 190 ಮೈಲಿ, ಅಂದರೆ ಸುಮಾರು 305 ಕಿ.ಮೀ. ಹಳಿ ಸಿದ್ಧವಾಯಿತು. 1850ರ ದಶಕದಲ್ಲಿ ವರ್ಕ್‌ಶಾಪ್ ಎದ್ದು ನಿಂತಿತು. ಎಂಜಿನ್‌ಗಳನ್ನು ನಿಲ್ಲಿಸಲು ದುಂಡನೆಯ ರೌಂಡ್‌ಹೌಸ್, ಅದರ ನಡುವೆ ಎಂಜಿನ್ನನ್ನೇ ಹೊತ್ತು ತಿರುಗುವ ಟರ್ನ್‌ಟೇಬಲ್, ಮಷೀನ್ ಶಾಪ್, ಕಮ್ಮಾರಸಾಲೆ, ನೂರು ಅಡಿಗೂ ಎತ್ತರದ ಇಟ್ಟಿಗೆ ಚಿಮಣಿ. ಆ ಚಿಮಣಿಯ ಬುಡದ ಸುತ್ತಲೇ ಕಾರ್ಮಿಕರ ಶೌಚಾಲಯಗಳಿದ್ದವು. ಜಾಗ ಉಳಿಸುವ ಲೆಕ್ಕಾಚಾರ ಆ ಕಾಲದ ಎಂಜಿನಿಯರುಗಳಿಗೂ ಗೊತ್ತಿತ್ತು!

ಇದೇ ಚರಿತ್ರೆಗೆ ಇನ್ನೊಂದು ಮುಖವಿದೆ. ಹತ್ತಿ ಬೆಳೆದವರು ಗುಲಾಮರು. ಅದನ್ನು ಸಾಗಿಸುವ ಹಳಿ ಹಾಕುವುದರಲ್ಲೂ ಗುಲಾಮರ ಬೆವರಿತ್ತು. ಸವಾನಾದ ಹಳೆಯ ಕಟ್ಟಡಗಳಿಗೆ ಹೆಸರು ತಂದ ‘ಸವಾನಾ ಗ್ರೇ’ ಇಟ್ಟಿಗೆಗಳನ್ನು ಮಾಡಿದ್ದೂ ಅವರೇ. ಕೂಲಿ ಇಲ್ಲದ ಆ ದುಡಿಮೆಯನ್ನು ಪಕ್ಕಕ್ಕಿಟ್ಟು ಈ ರೈಲಿನ ಹೆಮ್ಮೆಯನ್ನು ಮಾತ್ರ ಹೇಳಿದರೆ ಅದು ಅರ್ಧ ಸತ್ಯ.

ವರ್ಕ್‌ಶಾಪಿಗೆ ಬೀಗ ಬಿದ್ದದ್ದು 1963ರಲ್ಲಿ. ಅದೇ ವರ್ಷ ಸದರ್ನ್ ರೈಲ್ವೆ ಎಂಬ ದೊಡ್ಡ ಕಂಪನಿ ಸೆಂಟ್ರಲ್ ಆಫ್ ಜಾರ್ಜಿಯಾವನ್ನು ಕೊಂಡುಕೊಂಡಿತು. ಆದರೆ ಹೊಡೆತ ಅದಕ್ಕೂ ಮೊದಲೇ ಬಿದ್ದಿತ್ತು; ಕೊಟ್ಟದ್ದು ಡೀಸೆಲ್. ಉಗಿ ಎಂಜಿನ್ ಎಂದರೆ ದಿನದಿನವೂ ಆರೈಕೆ ಬೇಡುವ ಯಂತ್ರ. ಬೂದಿ ತೆಗೆಯಬೇಕು, ಬಾಯ್ಲರ್ ತೊಳೆಯಬೇಕು, ಸೋರುವ ಕೊಳವೆ ಬದಲಿಸಬೇಕು, ಸವೆದ ಭಾಗವನ್ನು ಅಲ್ಲೇ ಕಡೆದು ಮಾಡಬೇಕು. ಹಾಗಾಗಿ ಬಾಯ್ಲರ್ ಕೆಲಸದವರು, ಕಮ್ಮಾರರು, ಅಚ್ಚು ಎರೆಯುವವರು, ಟರ್ನರುಗಳು ಎಲ್ಲರಿಗೂ ಕೆಲಸ. ಡೀಸೆಲ್ ಎಂಜಿನ್ನಿಗೆ ಇಷ್ಟು ಕೈಗಳು ಬೇಡ. ಅದರ ಬಿಡಿಭಾಗ ಕಾರ್ಖಾನೆಯಿಂದ ಬರುತ್ತದೆ. ಆ ಕಾರ್ಮಿಕರ ಕೌಶಲದಲ್ಲಿ ಕೊರತೆ ಇರಲಿಲ್ಲ, ಆ ಕೌಶಲವನ್ನು ಬೇಡುವ ಯಂತ್ರವೇ ಇಲ್ಲವಾಯಿತು. ಕೃತಕ ಬುದ್ಧಿಮತ್ತೆ ಬಂದರೆ ನಮ್ಮ ಕೆಲಸದ ಗತಿಯೇನು ಎಂದು ಹಾಸ್ಟೆಲ್ಲಿನಲ್ಲಿ, ಕ್ಯಾಂಟೀನಿನಲ್ಲಿ ಚರ್ಚಿಸುವ ನಮಗೆ ಈ ಮಾತು ಬೇಗ ಅರ್ಥವಾದೀತು.

ಮುಚ್ಚಿದ ಮೇಲೆ ಕೆಲವು ಕಟ್ಟಡಗಳು ನೆಲಸಮವಾದವು. ಉಳಿದದ್ದನ್ನು ಉಳಿಸಿಕೊಳ್ಳಬೇಕೆಂದು ಜನ ಓಡಾಡಿದ್ದರಿಂದ ಈ ತಾಣಕ್ಕೆ ರಾಷ್ಟ್ರೀಯ ಐತಿಹಾಸಿಕ ಸ್ಮಾರಕದ ಮಾನ್ಯತೆ ಸಿಕ್ಕಿತು. ಈಗ ಇದು ಜಾರ್ಜಿಯಾ ಸ್ಟೇಟ್ ರೈಲ್‌ರೋಡ್ ಮ್ಯೂಸಿಯಂ. ನಡೆಸುವುದು ಕೋಸ್ಟಲ್ ಹೆರಿಟೇಜ್ ಸೊಸೈಟಿ ಎಂಬ ಲಾಭರಹಿತ ಸಂಸ್ಥೆ. ಮಾನ್ಯತೆ ಸಿಕ್ಕಿದ ಮಾತ್ರಕ್ಕೆ ಚಾವಣಿ ಸೋರುವುದು ನಿಲ್ಲುವುದಿಲ್ಲ. ನೂರೈವತ್ತು ವರ್ಷ ದಾಟಿದ ಇಟ್ಟಿಗೆ ಗೋಡೆ, ತುಕ್ಕು ಹಿಡಿಯುವ ಕಬ್ಬಿಣ, ತಿರುಗುತ್ತಲೇ ಇರಬೇಕಾದ ಟರ್ನ್‌ಟೇಬಲ್ ಇವಕ್ಕೆಲ್ಲ ಪ್ರತಿ ವರ್ಷ ದುಡ್ಡು ಬೇಕು. ಟಿಕೆಟ್, ಮದುವೆ-ಔತಣಕ್ಕೆ ಕೊಡುವ ಬಾಡಿಗೆ, ಇಂಥ ಹಬ್ಬಗಳು ಆ ದುಡ್ಡಿನ ದಾರಿ. ಸ್ಮಾರಕದಲ್ಲಿ ಮೋಜು ಮಸ್ತಿಯೇ ಎಂದು ಮೂಗು ಮುರಿಯುವವರು ಬೇರೆ ದಾರಿ ಯಾವುದು ಎಂಬುದನ್ನೂ ಹೇಳಬೇಕಾಗುತ್ತದೆ.

ಬ್ಲೂಸ್ ಮತ್ತು ಬಾರ್ಬೆಕ್ಯೂ ಈ ಜಾಗಕ್ಕೆ ಹೊರಗಿನಿಂದ ಅಂಟಿಸಿದ ಅಲಂಕಾರವಲ್ಲ. ಬ್ಲೂಸ್ ದಕ್ಷಿಣ ಅಮೆರಿಕನ್ ರಾಜ್ಯಗಳ ಕಪ್ಪು ಜನರ ಹಾಡು. ಅದರಲ್ಲಿ ರೈಲು ಮತ್ತೆ ಮತ್ತೆ ಬರುತ್ತದೆ. ಹಾರ್ಮೋನಿಕಾದಲ್ಲಿ ರೈಲಿನ ಸದ್ದು ಹೊರಡಿಸುವುದು ಅಲ್ಲಿನ ಹಳೆಯ ಕಲೆ. ಕಾರಣವಿದೆ. 1896ರಲ್ಲಿ ಕಪ್ಪು ಮತ್ತು ಬಿಳಿಯರಿಗೆ ಪ್ರತ್ಯೇಕ ಬೋಗಿ ಇಡುವುದು ಸರಿ ಎಂದು ಅಲ್ಲಿನ ಸುಪ್ರೀಂ ಕೋರ್ಟ್ ಪ್ಲೆಸಿ ಮೊಕದ್ದಮೆಯಲ್ಲಿ ತೀರ್ಪು ಕೊಟ್ಟಿತು. ಅವಮಾನ ಮಾಡಿದ್ದು ರೈಲೇ. ಆ ಅವಮಾನದಿಂದ ದೂರ ಕರೆದೊಯ್ದದ್ದೂ ರೈಲೇ. 1910ರಿಂದ 1970ರ ನಡುವೆ ಸುಮಾರು 60 ಲಕ್ಷ ಕಪ್ಪು ಜನರು ದಕ್ಷಿಣ ಬಿಟ್ಟು ಷಿಕಾಗೊ, ಡೆಟ್ರಾಯಿಟ್, ನ್ಯೂಯಾರ್ಕ್ ಕಡೆಗೆ ಹೋದರು. ಅವರಲ್ಲಿ ಹೆಚ್ಚಿನವರು ಹುಡುಕಿಕೊಂಡು ಹೋದದ್ದು ಉದ್ಯೋಗ ಮತ್ತು ಮರ್ಯಾದೆ. 1943ರಲ್ಲಿ ಮಡ್ಡಿ ವಾಟರ್ಸ್ ಮಿಸಿಸಿಪಿಯಿಂದ ಷಿಕಾಗೊಗೆ ಹೋದದ್ದೂ ರೈಲಿನಲ್ಲೇ.

ಜಾರ್ಜಿಯಾಕ್ಕೂ ತನ್ನದೇ ಬ್ಲೂಸ್ ಇದೆ. ಅಂಧ ಗಾಯಕ ಬ್ಲೈಂಡ್ ವಿಲ್ಲಿ ಮೆಕ್‌ಟೆಲ್ 1928ರಲ್ಲಿ ಧ್ವನಿಮುದ್ರಿಸಿದ ‘ಸ್ಟೇಟ್ಸ್‌ಬರೋ ಬ್ಲೂಸ್’ನ ಹೆಸರಿನಲ್ಲಿರುವ ಊರು ಸವಾನಾಕ್ಕೆ ಹತ್ತಿರದ್ದೇ. ಅದೇ ಹಾಡನ್ನು ನಾಲ್ಕು ದಶಕಗಳ ಮೇಲೆ ಲೋಕಪ್ರಸಿದ್ಧ ಮಾಡಿದ ಆಲ್ಮನ್ ಬ್ರದರ್ಸ್ ತಂಡದ ನೆಲೆ ಮೇಕನ್, ಅಂದರೆ ಸವಾನಾದಿಂದ ಹೊರಟ ಆ ಮೊದಲ ಹಳಿಯ ಇನ್ನೊಂದು ತುದಿ.

ಬಾರ್ಬೆಕ್ಯೂ ಕತೆಯೂ ಇಂಥದ್ದೇ. ಹೆಸರು ಕೆರಿಬಿಯನ್ ಮೂಲನಿವಾಸಿಗಳಿಂದ ಬಂದದ್ದು. ದಕ್ಷಿಣದಲ್ಲಿ ರಾತ್ರಿಯಿಡೀ ಕೆಂಡದ ಗುಂಡಿ ಕಾಯ್ದು ಅದನ್ನು ಕಲೆಯಾಗಿಸಿದವರಲ್ಲಿ ಗುಲಾಮ ಬಾಣಸಿಗರು ಮುಂಚೂಣಿಯಲ್ಲಿದ್ದರು. ನಮ್ಮ ಪಠ್ಯದ ಭಾಷೆಯಲ್ಲಿ ಹೇಳುವುದಾದರೆ ಇದು ಹೀಟ್ ಟ್ರಾನ್ಸ್‌ಫರ್ ಪಾಠ. ಹಂದಿಯ ಭುಜದಂಥ ಗಟ್ಟಿ ಮಾಂಸದಲ್ಲಿ ಕೊಲಾಜೆನ್ ಹೆಚ್ಚು. ಜೋರು ಬೆಂಕಿ ಕೊಟ್ಟರೆ ಅದು ಚರ್ಮದಂತಾಗುತ್ತದೆ. ಸುಮಾರು 110 ಡಿಗ್ರಿ ಸೆಲ್ಸಿಯಸ್ ಹೊಗೆಯಲ್ಲಿ ಹತ್ತು-ಹನ್ನೆರಡು ಗಂಟೆ ಇಟ್ಟರೆ ಕೊಲಾಜೆನ್ ಕರಗಿ ಜೆಲಟಿನ್ ಆಗುತ್ತದೆ, ಮಾಂಸ ಬೆರಳಿಗೇ ಬಿಡಿಸಿಕೊಂಡು ಬರುತ್ತದೆ. ಇದನ್ನು ಕಂಡುಕೊಂಡವರ ಕೈಯಲ್ಲಿ ಥರ್ಮಾಮೀಟರ್ ಇರಲಿಲ್ಲ, ತಾಳ್ಮೆ ಇತ್ತು.

ಇನ್ನು ಮುಖ್ಯ ಪ್ರಶ್ನೆಗೆ ಬರೋಣ. ಇಂಥ ಹಬ್ಬ ಊರನ್ನು ಸಾಕುತ್ತದೆಯೇ? ಉತ್ತರಕ್ಕೆ ಅಮೆರಿಕದ್ದೇ ಇನ್ನೊಂದು ಊರನ್ನು ನೋಡಬೇಕು. ಆರ್ಕನ್ಸಾ ರಾಜ್ಯದ ಹೆಲೆನಾ ಮಿಸಿಸಿಪಿ ನದಿ ದಂಡೆಯ ಊರು. 1941ರಲ್ಲಿ ಶುರುವಾದ ‘ಕಿಂಗ್ ಬಿಸ್ಕಿಟ್ ಟೈಮ್’ ಎಂಬ ರೇಡಿಯೊ ಕಾರ್ಯಕ್ರಮ ಅಲ್ಲಿಂದ ಬ್ಲೂಸ್ ಹಾಡುಗಳನ್ನು ಮನೆಮನೆಗೆ ತಲುಪಿಸಿತು. 1986ರಿಂದ ಅದರ ಹೆಸರಿನಲ್ಲೇ ದೊಡ್ಡ ಹಬ್ಬ ನಡೆಯುತ್ತಿದೆ. 1912ರ ರೈಲು ನಿಲ್ದಾಣ ಅಲ್ಲಿ ಮ್ಯೂಸಿಯಂ ಆಗಿದೆ. ಎಲ್ಲ ಇದೆ. ಆದರೂ ಹೆಲೆನಾ-ವೆಸ್ಟ್ ಹೆಲೆನಾದ ಜನಸಂಖ್ಯೆ 2010ರ ಗಣತಿಯಲ್ಲಿ 12,282 ಇದ್ದದ್ದು 2020ರಲ್ಲಿ 9,519ಕ್ಕೆ ಇಳಿಯಿತು. ಹತ್ತು ವರ್ಷಗಳಲ್ಲಿ ಐದರಲ್ಲಿ ಒಂದು ಪಾಲಿಗೂ ಹೆಚ್ಚು ಜನ ಕಡಿಮೆ. ಹಬ್ಬಕ್ಕೆ ಬಂದವರು ಹಾಡು ಕೇಳಿ ಹೋಗುತ್ತಾರೆ. ಊರಿನ ಹುಡುಗರು ಕೆಲಸ ಹುಡುಕಿಕೊಂಡು ಹೋಗುತ್ತಾರೆ.

ಸವಾನಾ ಹೀಗೆ ಸೊರಗಲಿಲ್ಲ. ಅದಕ್ಕೆ ಕಾರಣ ಹಬ್ಬವಲ್ಲ. ಅಲ್ಲಿನ ಬಂದರು ಅಮೆರಿಕದ ಅತಿ ದಟ್ಟಣೆಯ ಕಂಟೇನರ್ ಬಂದರುಗಳಲ್ಲಿ ಒಂದು. ಗಲ್ಫ್‌ಸ್ಟ್ರೀಮ್ ವಿಮಾನ ಕಂಪನಿಯ ಕೇಂದ್ರ ಅಲ್ಲಿದೆ. ಸಮೀಪದ ಬ್ರಯಾನ್ ಕೌಂಟಿಯಲ್ಲಿ ಹ್ಯುಂಡೈನ ವಿದ್ಯುತ್ ಕಾರು ಕಾರ್ಖಾನೆ 2024ರಲ್ಲಿ ಉತ್ಪಾದನೆ ಆರಂಭಿಸಿತು. 1978ರಲ್ಲಿ ಶುರುವಾದ ಕಲೆ ಮತ್ತು ವಿನ್ಯಾಸ ಕಾಲೇಜು ಹಳೆಯ ರೈಲ್ವೆ ಕಟ್ಟಡವೊಂದನ್ನೇ ತನ್ನ ಕಲಾ ಮ್ಯೂಸಿಯಂ ಮಾಡಿಕೊಂಡಿದೆ. ಕೈಯಲ್ಲಿ ಸಂಬಳ ಇರುವ ಜನ ಊರಿನಲ್ಲೇ ಇರುವುದರಿಂದ ವಾರಾಂತ್ಯಕ್ಕೆ ಟಿಕೆಟ್ ಕೊಳ್ಳುವವರೂ ಇದ್ದಾರೆ, ಹೊರಗಿನ ಪ್ರವಾಸಿಗರೂ ಬರುತ್ತಾರೆ. ನನಗೆ ಕಾಣುವ ಸತ್ಯ ಇಷ್ಟು: ದುಡಿಮೆ ಇರುವ ಊರು ಹಬ್ಬವನ್ನು ಸಾಕುತ್ತದೆ, ದುಡಿಮೆ ಇಲ್ಲದ ಊರನ್ನು ಹಬ್ಬ ಸಾಕಲಾರದು.

ಇದು ನಮಗೆ ದೂರದ ಮಾತಲ್ಲ. ನಾನು ಬಂಗಾರಪೇಟೆಯಿಂದ ದಿನಾ ರೈಲಿನಲ್ಲಿ ಬೆಂಗಳೂರಿನ ಕಾಲೇಜಿಗೆ ಓಡಾಡುತ್ತೇನೆ. ಮಾರಿಕುಪ್ಪಂ ಕಡೆಯಿಂದ ಬರುವ ಬೆಳಗಿನ ಗಾಡಿಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಕೋಲಾರ ಚಿನ್ನದ ಗಣಿ ಮುಚ್ಚಿದ್ದು 2001ರ ಫೆಬ್ರುವರಿ 28ರಂದು. ಅಂದಿನಿಂದ ಗಣಿ ಊರಿನ ಎಷ್ಟೋ ಮನೆಗಳಿಗೆ ಅನ್ನ ಈ ಗಾಡಿಯಲ್ಲೇ ಬರುತ್ತಿದೆ. ಕೆಜಿಎಫ್ ಅನ್ನು ಪ್ರವಾಸಿ ತಾಣ ಮಾಡಬೇಕು ಎಂಬ ಮಾತು ಆಗಾಗ ಕೇಳಿಬರುತ್ತದೆ. ಮಾಡಲಿ, ಬೇಡ ಎನ್ನುವುದಿಲ್ಲ. ಯಲಹಂಕ–ಚಿಕ್ಕಬಳ್ಳಾಪುರ ಮಾರ್ಗದಲ್ಲಿ ದೇವನಹಳ್ಳಿ, ನಂದಿ ಹಾಲ್ಟ್‌ನಂಥ ಹಳೆಯ ನಿಲ್ದಾಣಗಳನ್ನು ಉಳಿಸಲು ಇಂಟ್ಯಾಕ್ ಕೈಹಾಕಿರುವುದು ಸಂತೋಷದ ವಿಷಯ. ಆದರೆ ಹೆಲೆನಾದ ಲೆಕ್ಕ ಮರೆಯಬಾರದು. ಗಣಿಯ ಹೆಡ್‌ಗೇರ್ ಕೆಳಗೆ ವರ್ಷಕ್ಕೊಮ್ಮೆ ಸಂಗೀತ ಕಛೇರಿ ಏರ್ಪಡಿಸಿದರೆ ಎರಡು ದಿನ ಊಟದ ಮಳಿಗೆ, ಪಾರ್ಕಿಂಗ್, ಶಾಮಿಯಾನದವರಿಗೆ ವ್ಯಾಪಾರ. ಉಳಿದ 363 ದಿನ ಬೆಳಗಿನ ಗಾಡಿ ಹಾಗೇ ತುಂಬಿರುತ್ತದೆ.

ಹಾಗಾದರೆ ಹಬ್ಬ ವ್ಯರ್ಥವೇ? ಅಲ್ಲ. ಅದಕ್ಕೆ ಮೂರು ಪ್ರಶ್ನೆ ಕೇಳಿ ನೋಡೋಣ. ಒಂದು, ಬಂದ ಹಣದಲ್ಲಿ ಜಾಗದ ದುರಸ್ತಿಗೆ ಪಾಲು ಸಿಗುತ್ತಿದೆಯೇ? ಎರಡು, ಆ ಜಾಗ ಕಟ್ಟಿದವರ ಕತೆ, ಕಹಿಯೂ ಸೇರಿ, ಬಂದವರಿಗೆ ತಿಳಿಯುತ್ತಿದೆಯೇ? ಮೂರು, ಹಬ್ಬ ಮುಗಿದ ಮೇಲೆ ವರ್ಷವಿಡೀ ಉಳಿಯುವ ಕೆಲಸ ಎಷ್ಟು ಜನರಿಗೆ ಸಿಕ್ಕಿದೆ? ಹಳೆಯ ಎಂಜಿನ್ ಓಡಿಸುವ ಮ್ಯೂಸಿಯಂ ಬಾಯ್ಲರ್ ದುರಸ್ತಿ, ಗಾರೆ ಕೆಲಸ, ಮರಗೆಲಸ ಬಲ್ಲವರನ್ನು ಉಳಿಸಿಕೊಳ್ಳಲೇಬೇಕು. ನಮ್ಮ ಐಟಿಐ, ಡಿಪ್ಲೊಮಾ ಹುಡುಗ ಹುಡುಗಿಯರಿಗೆ ಇಂಥ ಸಂರಕ್ಷಣೆಯ ಕೆಲಸ ಕಲಿಸಿದರೆ ಅದೂ ಒಂದು ಉದ್ಯೋಗವೇ. ಸಣ್ಣದು, ಆದರೆ ನಿಲ್ಲುವಂಥದ್ದು.

‘ಪ್ರವಾಸೋದ್ಯಮದಿಂದ ಉದ್ಯೋಗ’ ಎಂಬ ಮಾತನ್ನು ಚುನಾವಣೆಯ ಭಾಷಣಗಳಲ್ಲಿ ಕೇಳುತ್ತಲೇ ಇರುತ್ತೇವೆ. ಗೆಳೆಯರೇ, ಮುಂದಿನ ಸಲ ಕೇಳಿದಾಗ ಚಪ್ಪಾಳೆಗೆ ಮುಂಚೆ ಒಂದು ವಿವರ ಕೇಳೋಣ: ಎಷ್ಟು ಕೆಲಸ, ವರ್ಷಕ್ಕೆ ಎಷ್ಟು ದಿನ, ಎಷ್ಟು ಸಂಬಳ? ಆ ಮೂರು ಅಂಕಿ ಕೊಟ್ಟವರ ಹಬ್ಬಕ್ಕೆ ಟಿಕೆಟ್ ಕೊಳ್ಳಲು ನಾನೂ ಸಿದ್ಧ.