ತೂಕಕ್ಕೂ ಒಂದು ಕನಿಷ್ಠ ಮಿತಿ ಬೇಕು

ಕಾರು ಹಗುರವಾದಷ್ಟೂ ವೇಗ ಹೆಚ್ಚು. ಹಾಗಿದ್ದರೆ ರೇಸ್ ಕಾರು ಇಷ್ಟಕ್ಕಿಂತ ಹಗುರವಾಗಿರಬಾರದು ಎಂಬ ನಿಯಮ ಏಕೆ? 2004ರಲ್ಲಿ ನಾವಿರುವ ಬಹ್ರೈನಿನ ಸಾಖೀರ್‌ನಲ್ಲಿ ಮೊದಲ ಫಾರ್ಮುಲಾ ಒನ್ ಓಟ ನಡೆಯಿತು. ಇಲ್ಲಿನ ವಿದ್ಯಾರ್ಥಿಗಳಾದ ನಾವು ಚಾಲಕರ ಹೆಸರುಗಳನ್ನು ಬಾಯಿಪಾಠ ಹೇಳುತ್ತೇವೆ. ಈ ನಿಯಮದ ಬಗ್ಗೆ ಮಾತ್ರ ಯೋಚಿಸುವುದಿಲ್ಲ.

2024ರ ಬೆಲ್ಜಿಯಂ ಓಟದಲ್ಲಿ ಜಾರ್ಜ್ ರಸೆಲ್ ಮೊದಲಿಗರಾಗಿ ಗುರಿ ಮುಟ್ಟಿದರು. ಆಮೇಲೆ ತೂಗಿ ನೋಡಿದರೆ ಕಾರು 796.5 ಕಿಲೋ, ಇರಬೇಕಾದದ್ದು 798. ಒಂದೂವರೆ ಕಿಲೋ ಕಡಿಮೆಯಾದದ್ದಕ್ಕೆ ಗೆಲುವು ಅದೇ ತಂಡದ ಲೂಯಿಸ್ ಹ್ಯಾಮಿಲ್ಟನ್ ಪಾಲಾಯಿತು. ಇದು ತೀರಾ ಕಠಿಣವೆನ್ನುವವರಿದ್ದಾರೆ. ಆದರೆ ಇಂದು ಒಂದೂವರೆ ಕಿಲೋ ಬಿಟ್ಟುಕೊಟ್ಟರೆ ನಾಳೆ ಮೂರು ಕಿಲೋ ಕೇಳುವವರು ಬರುತ್ತಾರೆ. ತಕ್ಕಡಿ ಎಲ್ಲರಿಗೂ ಒಂದೇ ಆಗಿರಬೇಕು.

ಎಂಜಿನ್ನಿಗೂ ಇದೇ ಮಾತು. 2006ರಲ್ಲಿ ಬಂದ 2.4 ಲೀಟರಿನ ಎಂಟು ಸಿಲಿಂಡರ್ ಎಂಜಿನ್ 95 ಕಿಲೋಗಿಂತ ಕಡಿಮೆ ತೂಗುವಂತಿರಲಿಲ್ಲ. ಮಿತಿ ಇಲ್ಲದಿದ್ದರೆ ಪ್ರತಿ ಗ್ರಾಂ ಇಳಿಸಲು ದುಬಾರಿ ಲೋಹಗಳಿಗೆ ಹಣ ಸುರಿಯಬೇಕಾಗುತ್ತದೆ. ಸಿರಿವಂತ ತಂಡವೇ ಗೆಲ್ಲುತ್ತದೆ. ಇದರಿಂದ ಹೊಸ ಶೋಧಕ್ಕೆ ಅಡ್ಡಿಯಲ್ಲವೇ ಎಂದು ಕೇಳಬಹುದು. ಇಲ್ಲ. ಎಂಜಿನಿಯರುಗಳು ಕಾರನ್ನು ಮಿತಿಗಿಂತ ಹಗುರವಾಗಿ ಕಟ್ಟಿ, ಉಳಿದ ತೂಕವನ್ನು ತಮಗೆ ಅನುಕೂಲವಾದ ಕಡೆ, ಆದಷ್ಟು ಕೆಳಗೆ ಇಡಲು ಯತ್ನಿಸುತ್ತಾರೆ. ಜಾಣ್ಮೆಗೆ ಜಾಗ ಇದ್ದೇ ಇದೆ.

ನಮಗೆ ಮುಖ್ಯವೆನಿಸುವುದು ಚಾಲಕರ ವಿಷಯ. 2018ರವರೆಗೆ ಕಾರು ಮತ್ತು ಚಾಲಕನ ತೂಕವನ್ನು ಒಟ್ಟಾಗಿಯೇ ಲೆಕ್ಕ ಹಾಕುತ್ತಿದ್ದರು. ಎತ್ತರದ ಚಾಲಕರು ಮೈತೂಕ ಇಳಿಸಲು ಊಟ ಬಿಡಬೇಕಾಗುತ್ತಿತ್ತು. 2019ರಲ್ಲಿ ಚಾಲಕ ಮತ್ತು ಆಸನಕ್ಕೆ ಸೇರಿಸಿ 80 ಕಿಲೋ ಎಂಬ ಪ್ರತ್ಯೇಕ ಮಿತಿ ಬಂತು. ಹಗುರವಾದವರು ಆಸನದ ಬಳಿ ಭಾರ ಸೇರಿಸಿ ಅದನ್ನು ತುಂಬಬೇಕು. ಹಸಿದು ಗೆಲ್ಲುವ ಲಾಭ ಅಲ್ಲಿಗೆ ಬಹುಮಟ್ಟಿಗೆ ಹೋಯಿತು.

ಪರೀಕ್ಷೆಯೆಂಬ ಓಟದಲ್ಲಿರುವ ನಮಗೂ ಇಂಥ ಮಿತಿ ಬೇಡವೇ? ಒಬ್ಬರು ಆರು ಗಂಟೆ ಮಲಗಿದರೆ ಇನ್ನೊಬ್ಬರು ಐದೇ ಗಂಟೆ ಸಾಕೆನ್ನುತ್ತೇವೆ. ಟ್ಯೂಷನ್ನಿಗಾಗಿ ಆಟ ಬಿಡುತ್ತೇವೆ, ಆಮೇಲೆ ಊಟವನ್ನೂ. ಒಬ್ಬರು ಕಡಿಮೆ ಮಾಡಿದರೆ ಎಲ್ಲರೂ ಕಡಿಮೆ ಮಾಡಬೇಕಾಗುತ್ತದೆ. ಇದನ್ನು ಒಬ್ಬೊಬ್ಬರೇ ನಿಲ್ಲಿಸಲಾಗದು. ಆದ್ದರಿಂದ ನಿದ್ದೆ, ಊಟ, ಆಟಗಳಿಗೆ ಇಷ್ಟಕ್ಕಿಂತ ಕಡಿಮೆ ಸಲ್ಲದೆಂಬ ಮಿತಿಯನ್ನು ಶಾಲೆಯೂ ಹೆತ್ತವರೂ ಕೂಡಿ ಹಾಕಲಿ. ಓಡಲು ನಾವು ಸಿದ್ಧ. ಹಸಿದು, ನಿದ್ದೆಗೆಟ್ಟು ಓಡುವುದು ಮಾತ್ರ ಬೇಡ.