ಪ್ರಾಣಿಸ್ನೇಹಿ ಚೀಟಿಯ ಹಿಂದಿನ ಪ್ಲಾಸ್ಟಿಕ್

‘ವೀಗನ್ ಲೆದರ್’ ಎಂಬ ಚೀಟಿ ಹೊತ್ತು ಮಾರಾಟವಾಗುವ ಕೈಚೀಲ, ಪರ್ಸು, ಬೆಲ್ಟುಗಳಲ್ಲಿ ಹೆಚ್ಚಿನವು ಪಾಲಿಯೆಸ್ಟರ್ ಬಟ್ಟೆಯ ಮೇಲೆ ಪಾಲಿಯುರೆಥೇನ್ ಅಥವಾ ಪಿವಿಸಿ ಲೇಪಿಸಿದ ಸರಕು. ದಶಕಗಳಿಂದ ರೆಕ್ಸಿನ್ ಎಂದು ಅಂಗಡಿಗಳಲ್ಲಿ ಸಿಗುತ್ತಿದ್ದ ವಸ್ತುವಿನ ಹತ್ತಿರದ ಬಳಗ ಇದು. ಬಟ್ಟೆಯೂ ಲೇಪನವೂ ಬಹುತೇಕ ಪೆಟ್ರೋಲಿಯಂನಿಂದಲೇ ಬಂದವು. ಅಗ್ಗದ ಪಾಲಿಯುರೆಥೇನ್ ಗಾಳಿಯ ತೇವಕ್ಕೆ ಶಿಥಿಲವಾಗುತ್ತದೆ. ಕರಾವಳಿಯಂಥ ಹವೆಯಲ್ಲಿ ಕೆಲವೇ ವರ್ಷಗಳಲ್ಲಿ ಬಿರುಕು ಬಿಟ್ಟು ಸಿಪ್ಪೆಯೇಳುತ್ತದೆ. ಒಂದಕ್ಕೊಂದು ಅಂಟಿದ ಪದರಗಳನ್ನು ಬೇರ್ಪಡಿಸುವುದು ಕಷ್ಟವಾದ್ದರಿಂದ ಮರುಬಳಕೆಯ ದಾರಿಯೂ ಬಹುತೇಕ ಮುಚ್ಚಿದೆ. ಇಂಥ ಚೀಲವನ್ನು ಹಸಿರು ಎಲೆಯ ಚಿತ್ರ ಮುದ್ರಿಸಿ ‘ಪರಿಸರಸ್ನೇಹಿ’ ಎಂದು ಮಾರುವ ಪುಟ್ಟ ವಿನ್ಯಾಸ ಸಂಸ್ಥೆಗಳು, ಉದ್ದೇಶ ಎಷ್ಟೇ ಒಳ್ಳೆಯದಿದ್ದರೂ, ಗ್ರಾಹಕರಿಗೆ ಸುಳ್ಳು ಹೇಳುತ್ತಿವೆ.

ಪ್ರಾಣಿಗೆ ನೋವಾಗದಿರುವುದು ಒಂದು ಅಳತೆ, ನೆಲ-ನೀರಿಗೆ ಹಾನಿಯಾಗದಿರುವುದು ಇನ್ನೊಂದು. ಒಂದರಲ್ಲಿ ಗೆದ್ದದ್ದು ಇನ್ನೊಂದರಲ್ಲೂ ಗೆಲ್ಲುತ್ತದೆ ಎಂಬ ಖಾತರಿ ಎಲ್ಲೂ ಇಲ್ಲ. ಎರಡನ್ನೂ ಒಂದೇ ಚೀಟಿಯಲ್ಲಿ ಕಲಸಿಬಿಟ್ಟಿರುವುದೇ ಈ ಗೊಂದಲದ ಮೂಲ.

ಚರ್ಮೋದ್ಯಮ ಈ ಪ್ಲಾಸ್ಟಿಕ್ಕಿಗಿಂತ ಕೆಟ್ಟದ್ದು ಎಂಬುದು ವೀಗನ್ ಪಾಳಯದ ಸಿದ್ಧ ಉತ್ತರ. ಅದರಲ್ಲಿ ಸತ್ಯವಿದೆ. ತಮಿಳುನಾಡಿನ ಹಳೆಯ ಉತ್ತರ ಆರ್ಕಾಟ್ ಪ್ರದೇಶದ ಚರ್ಮ ಹದಮಾಡುವ ಘಟಕಗಳು ಪಾಲಾರ್ ನದಿಯನ್ನೂ ಅದರ ದಡದ ಹೊಲಗಳನ್ನೂ ಕೆಡಿಸಿದ್ದರಿಂದಲೇ 1996ರ ವೆಲ್ಲೂರು ನಾಗರಿಕರ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಮಲಿನ ಮಾಡಿದವನೇ ದಂಡ ತೆರಬೇಕೆಂಬ ತತ್ತ್ವವನ್ನು ಈ ದೇಶದ ಕಾನೂನಿನ ಭಾಗವೆಂದು ಸಾರಿತು. ಆದರೆ ಹದಮಾಡಲು ಕ್ರೋಮಿಯಂ ಬಳಸುವ ಚರ್ಮ ಕೆಟ್ಟದ್ದೆಂಬ ಕಾರಣಕ್ಕೆ ಪ್ಲಾಸ್ಟಿಕ್ ಒಳ್ಳೆಯದಾಗುವುದಿಲ್ಲ. ಅಥಣಿಯ ಕುಶಲಕರ್ಮಿಗಳು ಸಾಂಪ್ರದಾಯಿಕವಾಗಿ ಅಳಲೆಕಾಯಿ, ಜಾಲಿ ತೊಗಟೆಯಲ್ಲಿ ಹದಗೊಳಿಸಿದ ಚರ್ಮದಿಂದ ಮಾಡುವ ಚಪ್ಪಲಿಯನ್ನು ಮತ್ತೆ ಮತ್ತೆ ದುರಸ್ತಿ ಮಾಡಿಸಿಕೊಂಡು ಮೆಟ್ಟಬಹುದು. ಪ್ರಾಣಿಯ ಸಾವನ್ನು ಒಪ್ಪದ ವಿನ್ಯಾಸಕಿ ಅದನ್ನು ಮುಟ್ಟದಿರುವುದು ನ್ಯಾಯವಾದ ಆಯ್ಕೆ. ಆದರೆ ಆ ಚಪ್ಪಲಿಗಿಂತ ತನ್ನ ಪಾಲಿಯುರೆಥೇನ್ ಚಪ್ಪಲಿ ಭೂಮಿಗೆ ಹಿತ ಎಂದು ಸಾರುವುದು ಆ ಕಸುಬುದಾರರಿಗೆ ಮಾಡುವ ಅನ್ಯಾಯ.

ಸಸ್ಯಮೂಲದ ಬದಲಿಗಳ ಕಥೆ ಇಷ್ಟು ಸರಳವಲ್ಲ. ಜರ್ಮನಿಯ ಫ್ರೈಬರ್ಗ್‌ನ ಫಿಲ್ಕ್ ಸಂಸ್ಥೆಯ ತಜ್ಞರು 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಳ್ಳಿ, ಸೇಬು, ದ್ರಾಕ್ಷಿಯ ಹೆಸರಿನಲ್ಲಿ ಬರುವ ವಸ್ತುಗಳಲ್ಲೂ ಪಾಲಿಯುರೆಥೇನ್ ಇರುವುದು ಕಂಡುಬಂತು. ಸಸ್ಯದ ಪುಡಿ ಇರುವುದು ನಿಜ, ಅದನ್ನು ಹಿಡಿದಿಡುವ ಅಂಟು ಮಾತ್ರ ಪ್ಲಾಸ್ಟಿಕ್. ಕೇರಳದ ಮಲೈ ಸಂಸ್ಥೆ ತೆಂಗಿನ ನೀರಿನಲ್ಲಿ ಬ್ಯಾಕ್ಟೀರಿಯಾ ಬೆಳೆಸಿ ತೆಗೆಯುವ ಸೆಲ್ಯುಲೋಸ್ ಹಾಳೆಯಂಥ ಪ್ರಯತ್ನಗಳು ಬೇರೆ ಜಾತಿಯವು, ಗೌರವಕ್ಕೆ ಅರ್ಹವಾದವು.

ಎರಡು ಅಳತೆಗಳ ತಿಕ್ಕಾಟ ಕರ್ನಾಟಕದಲ್ಲಿ ಅತ್ಯಂತ ಸ್ಪಷ್ಟವಾಗಿ ಕಾಣುವುದು ರೇಷ್ಮೆಯಲ್ಲಿ. ದೇಶದಲ್ಲಿ ಅತಿ ಹೆಚ್ಚು ಕಚ್ಚಾ ರೇಷ್ಮೆ ತೆಗೆಯುವ ರಾಜ್ಯ ಇದು. ರಾಮನಗರದ ಗೂಡಿನ ಮಾರುಕಟ್ಟೆಗೆ ರೈತರು ತರುವ ಗೂಡುಗಳಲ್ಲಿ ಕೋಶಾವಸ್ಥೆಯ ಹುಳು ಜೀವಂತ ಇರುತ್ತದೆ. ಚಿಟ್ಟೆ ಗೂಡು ಕೊರೆದು ಹೊರಬಂದರೆ ನೂರಾರು ಮೀಟರ್ ಉದ್ದದ ಅಖಂಡ ಎಳೆ ತುಂಡಾಗುತ್ತದೆ, ಆದ್ದರಿಂದ ನೂಲು ಬಿಚ್ಚುವ ಮೊದಲು ಹಬೆ ಅಥವಾ ಬಿಸಿಗಾಳಿಯಲ್ಲಿ ಹುಳುವನ್ನು ಕೊಲ್ಲುತ್ತಾರೆ. ಇದಕ್ಕೆ ಉತ್ತರವಾಗಿ 1990ರ ದಶಕದಲ್ಲಿ ಹೈದರಾಬಾದಿನ ಕುಸುಮ ರಾಜಯ್ಯ ಅಹಿಂಸಾ ರೇಷ್ಮೆಯನ್ನು ರೂಪಿಸಿದರು. ಚಿಟ್ಟೆ ಹೊರಬಂದ ಮೇಲೆ ಉಳಿದ ತೂತಿನ ಗೂಡುಗಳನ್ನು ಹತ್ತಿಯಂತೆ ನೂಲುವ ವಿಧಾನವದು. ಹೊಳಪು ಕಡಿಮೆ, ಬೆಲೆ ಹೆಚ್ಚು.

ಆದರೂ ಅಹಿಂಸೆಯ ಲೆಕ್ಕ ಅಲ್ಲಿಗೆ ಮುಗಿಯುವುದಿಲ್ಲ. ಸಾವಿರಾರು ವರ್ಷ ಸಾಕಿ ಪಳಗಿಸಿದ ಹಿಪ್ಪುನೇರಳೆ ರೇಷ್ಮೆಯ ಚಿಟ್ಟೆ ಸರಿಯಾಗಿ ಹಾರಲಾರದು, ಆಹಾರ ತಿನ್ನಲಾರದು. ಕೂಡಿ, ಮೊಟ್ಟೆಯಿಟ್ಟು, ಕೆಲವೇ ದಿನಗಳಲ್ಲಿ ಸಾಯುತ್ತದೆ. ಒಂದೊಂದು ಹೆಣ್ಣು ಇಡುವುದು ಸುಮಾರು 300ರಿಂದ 500 ಮೊಟ್ಟೆ. ಅಷ್ಟೂ ಒಡೆದು ಬಂದರೆ ಉಣಿಸಲು ಸೊಪ್ಪು ಯಾರ ತೋಟದಲ್ಲೂ ಇಲ್ಲ. ಮೊಟ್ಟೆಗಳನ್ನು ನಾಶಮಾಡಬೇಕು, ಇಲ್ಲವೇ ಮರಿಗಳನ್ನು ಹಸಿವಿಗೆ ಬಿಡಬೇಕು. ಈ ಸಂಗತಿಯನ್ನು ಹೇಳದೆ ಅಹಿಂಸೆಯ ಹೆಸರಿನಲ್ಲಿ ಹೆಚ್ಚಿನ ಬೆಲೆ ಪಡೆಯುವುದು ಸರಿಯಲ್ಲ. ರೇಷ್ಮೆಯನ್ನೇ ಬಿಟ್ಟು ಪಾಲಿಯೆಸ್ಟರ್ ಸೀರೆಗೆ ಹೋದರೆ ಹುಳು ಉಳಿಯುತ್ತದೆ, ಒಗೆದಾಗಲೆಲ್ಲ ಸೂಕ್ಷ್ಮ ಪ್ಲಾಸ್ಟಿಕ್ ಎಳೆಗಳು ನೀರಿಗೆ ಸೇರುತ್ತವೆ.

ಚನ್ನಪಟ್ಟಣದ ಗೊಂಬೆ ಇದರ ಮತ್ತೊಂದು ಮುಖ. ಆಲೆ ಮರವನ್ನು ಚರಕಿಗೆ ಕೊಟ್ಟು ಅರಗಿನ ಬಣ್ಣ ಹಚ್ಚುವ ಈ ಕಲೆ ಪ್ಲಾಸ್ಟಿಕ್ ಆಟಿಕೆಗೆ ಯೋಗ್ಯ ಬದಲಿ. ಆದರೆ ಅರಗು ಎಂಬುದು ಕೀಟದ ಸ್ರಾವ, ಕೊಂಬೆಯಿಂದ ಕೆರೆದು ತೆಗೆಯುವಾಗ ಕೀಟಗಳೂ ಸಾಯುತ್ತವೆ. ಪಾಲಿಯುರೆಥೇನ್ ಚೀಲ ಮೊದಲ ಅಳತೆಯಲ್ಲಿ ಪಾಸಾಗಿ ಎರಡನೆಯದರಲ್ಲಿ ಸೋಲುತ್ತದೆ, ಅರಗಿನ ಗೊಂಬೆಗೆ ಅದರ ತಿರುವುಮುರುವು. ಎರಡಕ್ಕೂ ಒಂದೇ ಮುದ್ರೆ ಒತ್ತುವ ಅಂಗಡಿ ತನ್ನ ಸರಕನ್ನೇ ಅರಿತಿಲ್ಲ.

ಕಾನೂನು ಈಗ ತಡವಾಗಿ ಎಚ್ಚೆತ್ತಿದೆ. ಆಹಾರ ಸುರಕ್ಷತಾ ಪ್ರಾಧಿಕಾರವು 2022ರಲ್ಲೇ ವೀಗನ್ ಆಹಾರಕ್ಕೆ ನಿಯಮ ಮತ್ತು ಲಾಂಛನ ತಂದಿತು. ಚೀಲ, ಬಟ್ಟೆ, ಪಾದರಕ್ಷೆಗಳಿಗೆ ಅಂಥ ವ್ಯವಸ್ಥೆ ಬರಲಿಲ್ಲ. 2024ರ ಅಕ್ಟೋಬರ್‌ನಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಹೊರಡಿಸಿದ ಹಸಿರು ಸೋಗಿನ ವಿರುದ್ಧದ ಮಾರ್ಗಸೂಚಿ, ‘ಪರಿಸರಸ್ನೇಹಿ’, ‘ನೈಸರ್ಗಿಕ’ ಮಾತ್ರವಲ್ಲ, ‘ಕ್ರೌರ್ಯರಹಿತ’ ಎನ್ನುವುದಕ್ಕೂ ಸ್ಪಷ್ಟ ವಿವರಣೆ ಮತ್ತು ಆಧಾರ ಬೇಕೆಂದು ಹೇಳಿದೆ. ಸ್ವಾಗತಾರ್ಹ ಹೆಜ್ಜೆ. ಅದು ದೊಡ್ಡ ಕಂಪನಿಗಳ ಜಾಹೀರಾತಿಗಷ್ಟೇ ಸೀಮಿತವಾಗದೆ ಮೇಳದ ಮಳಿಗೆಗೂ ಇನ್‌ಸ್ಟಾಗ್ರಾಂ ಪುಟಕ್ಕೂ ತಲುಪಬೇಕು.

ಇಬ್ಬರು ಮೂವರು ಸೇರಿ ನಡೆಸುವ ಉದ್ಯಮಕ್ಕೆ ಪ್ರಯೋಗಾಲಯದ ಪರೀಕ್ಷೆ, ದುಬಾರಿ ಪ್ರಮಾಣಪತ್ರ ಎಟುಕುವುದಿಲ್ಲ ಎಂಬ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಸಣ್ಣ ಉತ್ಪಾದಕರ ಮೇಲೆ ಹೊರೆ ಹೇರುವ ನೀತಿ ಕೊನೆಗೆ ದೊಡ್ಡವರಿಗೇ ಲಾಭ ತರುತ್ತದೆ. ಕೈಉತ್ಪನ್ನಗಳಿಗೆ ಶೂನ್ಯ ತೆರಿಗೆ ಕೇಳಿ ರಂಗಕರ್ಮಿ ಪ್ರಸನ್ನ 2017ರಲ್ಲಿ ನಡೆಸಿದ ಹೋರಾಟಕ್ಕೆ ಇದೇ ಅರಿವಿನ ಬಲವಿತ್ತು. ಅವರ ಪ್ರೇರಣೆಯಲ್ಲಿ ಹೆಗ್ಗೋಡಿನಲ್ಲಿ ಬೆಳೆದ ಚರಕ ಮಹಿಳಾ ಸಹಕಾರ ಸಂಘ ಕೈಮಗ್ಗದ ಹತ್ತಿ ಬಟ್ಟೆಗೆ ಅಡಿಕೆ ಚೊಗರಿನಂಥ ನೈಸರ್ಗಿಕ ಬಣ್ಣ ಹಾಕಿ, ಎರಡೂ ಅಳತೆಗೆ ಹತ್ತಿರ ಬರುವ ಉಡುಪು ಸಾಧ್ಯವೆಂದು ತೋರಿಸಿತು.

ಆದರೆ ವಸ್ತುವಿನ ವಿವರ ಬರೆಯಲು ಪ್ರಯೋಗಾಲಯ ಬೇಡ. ಹಾಳೆ ಕೊಟ್ಟ ಸರಬರಾಜುದಾರರನ್ನು ಕೇಳಿದರೆ ಲೇಪನ ಯಾವುದು, ಹಿಂಬದಿಯ ಬಟ್ಟೆ ಯಾವುದು ಎಂದು ತಿಳಿಯುತ್ತದೆ. ಹೇಳಲು ಒಪ್ಪದವರಿಂದ ಕೊಳ್ಳಬಾರದು. ಪಾಲಿಯುರೆಥೇನ್ ಎಷ್ಟು ಪಾಲು, ನಾರು ಎಷ್ಟು ಪಾಲು, ಅರಗು ಅಥವಾ ರೇಷ್ಮೆ ಇದೆಯೇ, ಇದ್ದರೆ ಹುಳುವಿಗೆ ಏನಾಯಿತು, ಹರಿದರೆ ಹೊಲಿದು ಕೊಡುವವರು ಯಾರು: ಇಷ್ಟನ್ನು ಚೀಟಿಯಲ್ಲಿ ಕನ್ನಡದಲ್ಲೇ ಬರೆಯಬೇಕು. ಪ್ರಾಣಿಗಾಗಿ ಪ್ಲಾಸ್ಟಿಕ್ಕನ್ನು ಆರಿಸಿಕೊಂಡ ವಿನ್ಯಾಸಕಿ ಅದನ್ನು ಹಾಗೆಯೇ ಹೇಳಿ ಮಾರಲಿ. ಅದನ್ನು ಒಪ್ಪಿ ಕೊಳ್ಳುವ ಗ್ರಾಹಕರೂ ಇದ್ದಾರೆ.