ಯುದ್ಧ ತಿರುಗಿದ್ದು ಎಲ್ಲಿ?

ಮಗ್ಗ ನಿಂತ ದಿನವೇ ಕೆಲಸ ಕೆಟ್ಟಿತೆಂದು ಬನಹಟ್ಟಿಯ ನೇಕಾರರು ಯಾರೂ ಹೇಳುವುದಿಲ್ಲ. ನೂಲು ಬರುವುದು ನಿಂತಾಗಲೇ ಅದು ಕೆಟ್ಟಿರುತ್ತದೆ. ಹಾಸಿನಲ್ಲಿ ಉಳಿದ ಎಳೆ ಮುಗಿಯುವವರೆಗೆ ಲಾಳಿ ಓಡುತ್ತಿರುತ್ತದೆ, ಅಷ್ಟೇ. 1939ರಿಂದ 1945ರವರೆಗೆ ನಡೆದ ಎರಡನೆಯ ಮಹಾಯುದ್ಧದ ಕಥೆಯೂ ಹೆಚ್ಚುಕಡಿಮೆ ಹೀಗೆಯೇ.

‘ಯುದ್ಧದ ಪ್ರಮುಖ ತಿರುವುಗಳನ್ನು ಬರೆಯಿರಿ’ ಎಂಬ ಪ್ರಶ್ನೆ ಬಂದರೆ ಮಕ್ಕಳು ಬಾಯಿಪಾಠ ಮಾಡಿದ ಇಸವಿಗಳನ್ನು ಬರೆದು ಬರುತ್ತಾರೆ. ಯುದ್ಧ ಅಲ್ಲಿಯೇ ಏಕೆ ತಿರುಗಿತು ಎಂಬ ಪ್ರಶ್ನೆ ಹಾಗೆಯೇ ಉಳಿಯುತ್ತದೆ.

1942ರ ಜೂನ್‌ನಲ್ಲಿ ಪೆಸಿಫಿಕ್ ಸಾಗರದ ಮಿಡ್‌ವೇ ಬಳಿ ಜಪಾನ್ ನಾಲ್ಕು ವಿಮಾನವಾಹಕ ಹಡಗುಗಳನ್ನು ಕಳೆದುಕೊಂಡಿತು. ಅಂಥ ಹಡಗುಗಳನ್ನು ಅಮೆರಿಕದಷ್ಟು ಬೇಗ ಕಟ್ಟುವ ಶಕ್ತಿ ಅದಕ್ಕಿರಲಿಲ್ಲ. ಅದೇ ವರ್ಷ ಅಕ್ಟೋಬರ್-ನವೆಂಬರ್‌ನಲ್ಲಿ ಈಜಿಪ್ಟಿನ ಎಲ್ ಅಲಮೀನ್‌ನಲ್ಲಿ ಜರ್ಮನ್ ಸೇನಾನಿ ರೊಮ್ಮೆಲ್‌ನ ಟ್ಯಾಂಕುಗಳಿಗೆ ಪೆಟ್ರೋಲಿನ ಕೊರತೆ ಬಾಧಿಸಿತು. ಅಲ್ಲಿ ಎದುರಾಳಿಗಳ ಸಾಲಿನಲ್ಲಿ ಭಾರತದ 4ನೆಯ ಡಿವಿಜನ್ ಕೂಡ ಇತ್ತು. ನವೆಂಬರ್‌ನಲ್ಲಿ ರಷ್ಯದ ಸ್ಟಾಲಿನ್‌ಗ್ರಾಡ್‌ನಲ್ಲಿ ಜರ್ಮನಿಯ 6ನೆಯ ಸೇನೆಯನ್ನು ಸುತ್ತುವರಿಯಲಾಯಿತು. ವಿಮಾನದಿಂದ ತರುವ ಆಹಾರ, ಮದ್ದುಗುಂಡು ಸಾಲಲಿಲ್ಲ. 1943ರ ಫೆಬ್ರವರಿ 2ರಂದು ಉಳಿದವರು ಶರಣಾದರು. ಸೆರೆಸಿಕ್ಕವರು ಸುಮಾರು 91 ಸಾವಿರ.

ಮತ್ತೊಂದು ತಿರುವು ನಮ್ಮ ದೇಶದ ನೆಲದಲ್ಲಿಯೇ ಬಂತು. 1944ರ ಮಾರ್ಚ್‌ನಲ್ಲಿ ಜಪಾನೀ ಸೇನಾನಿ ಮುತಗುಚಿ ತನ್ನ ಸೈನಿಕರಿಗೆ ಸುಮಾರು ಮೂರು ವಾರದ ಆಹಾರ ಕಟ್ಟಿಕೊಟ್ಟು ಬರ್ಮಾದಿಂದ ಇಂಫಾಲ್ ಮತ್ತು ಕೊಹಿಮಾ ಕಡೆಗೆ ಹೊರಡಿಸಿದ. ಬ್ರಿಟಿಷರ ಉಗ್ರಾಣಗಳು ಕೈಸೇರುತ್ತವೆ ಎಂಬ ಭರವಸೆ ಅವನದು. ದಾರಿಯಲ್ಲಿ ಸಾಂಗ್‌ಶಾಕ್ ಎಂಬ ಗುಡ್ಡದ ಹಳ್ಳಿ ಅಡ್ಡವಾಯಿತು. ಬೆಳಗಾವಿಯಲ್ಲಿ ಕೇಂದ್ರವುಳ್ಳ ಮರಾಠಾ ಲಘು ಪದಾತಿ ದಳದ 4ನೆಯ ಬೆಟಾಲಿಯನ್ ಅಲ್ಲಿನ ರಕ್ಷಣಾ ಪಡೆಯಲ್ಲಿತ್ತು. ಮಾರ್ಚ್ 22ರಿಂದ 26ರವರೆಗೆ ಪಡೆ ಅಲ್ಲಿ ನೆಲೆ ಬಿಡಲಿಲ್ಲ. ಕೊನೆಗೆ ಹಿಂದೆ ಸರಿಯಬೇಕಾಯಿತು ನಿಜ. ಆದರೆ ಆ ದಿನಗಳು ಕೊಹಿಮಾ, ಇಂಫಾಲ್‌ಗಳಿಗೆ ಸಿದ್ಧವಾಗಲು ಸಮಯ ಕೊಟ್ಟವು. ಮುತಗುಚಿಗೆ ಉಗ್ರಾಣ ಸಿಗಲಿಲ್ಲ. ಇಂಫಾಲ್‌ಗೆ ಮಾತ್ರ ವಿಮಾನದಿಂದ ಸಾಮಾನು ಬರುತ್ತಲೇ ಇತ್ತು. ಜೂನ್ 22ರಂದು ಇಂಫಾಲ್-ಕೊಹಿಮಾ ರಸ್ತೆ ತೆರೆಯಿತು. ಹಸಿವು, ರೋಗಗಳಿಂದ ಬಳಲಿದ ಜಪಾನೀಯರು ಹಿಂದಿರುಗಿದರು. ಅವರ ಜೊತೆಗೆ ಸುಭಾಷ್‌ಚಂದ್ರ ಬೋಸರ ಆಜಾದ್ ಹಿಂದ್ ಫೌಜಿನ ಯೋಧರೂ ಇದ್ದರು. ಭಾರತೀಯರು ಎರಡೂ ಕಡೆ ಸತ್ತರು ಎಂಬುದನ್ನು ಮರೆಯಬಾರದು.

ರಣರಂಗ ದೂರವಿದ್ದರೂ ಮನೆಗಳು ಯುದ್ಧದಿಂದ ದೂರವಿರಲಿಲ್ಲ. 1942ರ ಮಾರ್ಚ್‌ನಲ್ಲಿ ರಂಗೂನ್ ಬಿದ್ದ ಮೇಲೆ ಬರ್ಮಾದ ಅಕ್ಕಿ ನಿಂತಿತು. ಗಿರಣಿಗಳ ಬಟ್ಟೆ ಸೈನ್ಯಕ್ಕೂ ಹೋಗಬೇಕಾಯಿತು. 1943ರ ಜೂನ್‌ನಲ್ಲಿ ಸರ್ಕಾರ ಹತ್ತಿ ಬಟ್ಟೆ ಮತ್ತು ನೂಲಿನ ಮೇಲೆ ನಿಯಂತ್ರಣ ಹೇರಿತು. ನೂಲನ್ನೇ ನಂಬಿದ ನೇಕಾರರ ಊರುಗಳಿಗೆ ಯುದ್ಧ ಬಂದು ಮುಟ್ಟಿದ್ದು ಹೀಗೆ.

ಮಕ್ಕಳು ಇತಿಹಾಸ ಓದುವಾಗ ತಂದೆತಾಯಿ ಒಂದು ಪ್ರಶ್ನೆ ಕೇಳಿ ನೋಡಬೇಕು: ‘ಗೆದ್ದವರು ಯಾರು ಅನ್ನುವುದು ಇರಲಿ, ಸೋತವರಿಗೆ ಮೊದಲು ಏನು ತೀರಿಹೋಯಿತು?’ ಉತ್ತರ ಹುಡುಕಲು ಕೂತ ಹುಡುಗನಿಗೆ ಇಸವಿಗಳು ತಾವಾಗಿಯೇ ನೆನಪಿನಲ್ಲಿ ಉಳಿಯುತ್ತವೆ.